ರೊಟ್ಟಿಗೆ ಸದ್ದು ಕೂಡಿಸಿದ್ದು

ಹೋದ ವಾರ, ಮಂಗಳವಾರ, ನನ್ನ ಹೆಂಡತಿ ಒಂದು ರೊಟ್ಟಿ ಬಡಿದಳು. ಸಾವಿರ ಜನ ಚಪ್ಪಾಳೆ ತಟ್ಟಿದರು. ಯಾರೋ ಒಬ್ಬ ಸಿಳ್ಳೆಯನ್ನೂ ಹೊಡೆದ.

ನನ್ನ ಹೆಂಡತಿ ಮಹಾದೇವಿ ತೀರಿಕೊಂಡು ಹನ್ನೊಂದು ತಿಂಗಳಾಗಿದೆ.

ಗಾಬರಿಯಾಗಬೇಡಿ. ಆಕೆ ರೊಟ್ಟಿ ಬಡಿದದ್ದು ನನ್ನ ಫೋನಿನಲ್ಲಿರುವ ಒಂದು ಹಳೆಯ ವಿಡಿಯೊದಲ್ಲಿ. ಚಪ್ಪಾಳೆ ಹಾಕಿದವನು ನಾನೇ. ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಎಡಿಟಿಂಗ್ ಮಾಡಿಕೊಡುವ ವೆಬ್‌ಸೈಟುಗಳಿವೆಯಲ್ಲ, ಅಂಥದೊಂದರಲ್ಲಿ ವಿಡಿಯೊಗೆ ಸದ್ದು ಕೂಡಿಸಲು ಕೂತಿದ್ದೆ. ಅವರ ಸದ್ದಿನ ಭಂಡಾರದಲ್ಲಿ ಮಳೆ ಇದೆ, ಗುಡುಗು ಇದೆ, ಕುದುರೆ ಓಡುವುದಿದೆ. ಜೋಳದ ರೊಟ್ಟಿ ಬಡಿಯುವುದು ಇಲ್ಲ. ಅಂಗೈ ತಟ್ಟುವ ಸದ್ದು ಸಿಕ್ಕರೆ ಸಾಕು ಅಂದುಕೊಂಡು ಇಂಗ್ಲಿಷಿನಲ್ಲಿ ಹುಡುಕಿದೆ, ಮೊದಲು ಬಂದದ್ದನ್ನು ಎಳೆದು ತಂದು ಹಾಕಿದೆ. ಪ್ಲೇ ಒತ್ತಿದರೆ ಇಡೀ ಸ್ಟೇಡಿಯಮ್ಮೇ ಎದ್ದು ನಿಂತಿತು.

ಎರಡು ಸಲ ನೋಡಿದೆ. ಆಮೇಲೆ ಅಳಿಸಿದೆ. (ಖರೆ ಹೇಳಬೇಕೆಂದರೆ ಮೂರು ಸಲ. ಆಕೆಗೆ ಯಾರೂ ಒಮ್ಮೆಯೂ ಚಪ್ಪಾಳೆ ತಟ್ಟಿರಲಿಲ್ಲ.)

ಈ ಅಂಕಣ ಓದುವವರಿಗೆ ನಾನು ಗೊತ್ತು. ಹತ್ತನೆಯ ಇಯತ್ತೆ ಪಾಸಾಗಿ, ಜೇವರ್ಗಿ, ಅಫಜಲಪುರ ಅಂತ ಬಸ್ ನಿಲ್ದಾಣಗಳಲ್ಲಿ ಟೈಮ್ ಕೀಪರ್ ಕೆಲಸ ಮಾಡಿ, ರಿಟೈರ್ ಆದಮೇಲೆ ಆಳಂದದಲ್ಲಿ ಮನೆ ಮಾಡಿದವನು. ಕೈಯಲ್ಲಿ ದೊಡ್ಡ ಫೋನ್ ಬಂತು. ಕೆಲಸವಿಲ್ಲದ ಮನುಷ್ಯನ ಕೈಗೆ ಫೋನ್ ಬಂದರೆ ಏನಾಗುತ್ತದೆ? ಕಂಡದ್ದೆಲ್ಲ ವಿಡಿಯೊ ಆಗುತ್ತದೆ.

ವಿಡಿಯೊ ತೆಗೆದರೆ ಸಾಲದು, ಹಾಡು ಹಾಕಬೇಕು. ಫ್ಯಾನಿನ ಗರಗರ, ಕುಕ್ಕರಿನ ಸೀಟಿ, ನಾಯಿ ಬೊಗಳುವುದು, ಎಲ್ಲ ಬಂದಿರುತ್ತದಲ್ಲ. ಮ್ಯೂಟ್ ಒತ್ತಿ ಮೇಲೆ ಒಂದು ಕೊಳಲು ಬಿಟ್ಟರೆ ನಮ್ಮ ಮನೆ ನಮ್ಮ ಮನೆಯಂತೆ ಕಾಣುವುದಿಲ್ಲ, ಟೀವಿಯಲ್ಲಿ ಬರುವ ಮನೆಯಂತೆ ಕಾಣುತ್ತದೆ. ನೀವೂ ಮಾಡಿದ್ದೀರಿ. ಇಲ್ಲ ಅನ್ನಬೇಡಿ.

ಮಹಾದೇವಿಯ ರೊಟ್ಟಿಯ ವಿಡಿಯೊಗೂ ಅದನ್ನೇ ಮಾಡಿದ್ದೆ. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಹಿಟ್ಟು ನಾದುತ್ತ ನಡುವೆ ಆಕೆ ತಲೆ ಎತ್ತಿ ನನಗೆ ಅಂದಿದ್ದಳು: “ಬಿಸಿನೀರ ತರ್ರಿ ಅಂದ್ರ ಫೋನ್ ಹಿಡಕೊಂಡ ನಿಂತೀರಲ್ಲ, ಅದ್ರಾಗ ನೀರ ಬರ್ತಾವೇನು?”

ಇದನ್ನು ರಿಟೈರ್ ಆದ ಗೆಳೆಯರ ಗ್ರೂಪಿಗೆ ಹಾಕಲು ಆಗುತ್ತದೆಯೇ? ಮ್ಯೂಟ್ ಮಾಡಿದೆ. ಕೊಳಲು ಹಾಕಿದೆ. ಕೆಲವು ದಿನಗಳ ಮೇಲೆ ಫೋನಿನಲ್ಲಿ ಜಾಗ ಇಲ್ಲ ಅಂತ ಬಂತು. ಎರಡರಲ್ಲಿ ಒಂದನ್ನು ಅಳಿಸಬೇಕಿತ್ತು. ಮಾತಿದ್ದದ್ದನ್ನು ಅಳಿಸಿದೆ. ಕೊಳಲಿನದನ್ನು ಉಳಿಸಿಕೊಂಡೆ.

ಆಕೆ ರೊಟ್ಟಿ ಬಡಿಯುವ ವಿಡಿಯೊ ಅಂತ ಈಗ ಲೋಕದಲ್ಲಿ ಇರುವುದು ಅದೊಂದೇ.

ಇಷ್ಟು ದಿನ ಅದು ಹಾಗೇ ಬಿದ್ದಿತ್ತು. ಹೊರಗೆ ತೆಗೆಸಿದ್ದು ರೊಟ್ಟಿ ಸಂಘದ ಹೆಂಗಸರು. ಮಹಾದೇವಿ ಓಣಿಯ ಏಳೆಂಟು ಮಂದಿಯನ್ನು ಕೂಡಿಸಿ ಶುರು ಮಾಡಿದ ಸಂಘ ಅದು. ಖಡಕ್ ರೊಟ್ಟಿ ಮಾಡಿ ಮಾರುತ್ತಾರೆ. ಈಗ ಸ್ವಂತ ಕೋಣೆ ಆಗಿದೆ, ಗೋಡೆಗೆ ಟೀವಿ ಬಂದಿದೆ. ಈ ಸೋಮವಾರ ಕೋಣೆಯ ಪೂಜೆ ಇತ್ತು, ಅವತ್ತು ಟೀವಿಯಲ್ಲಿ ಮೊದಲು ಮಹಾದೇವಿಯೇ ಬರಬೇಕು ಅಂತ ಎಲ್ಲರೂ ಕೂಡಿ ಮಾತಾಡಿದ್ದರು. ನಾನು ಖುಷಿಯಿಂದ ಕೊಳಲಿನ ವಿಡಿಯೊ ತೋರಿಸಿದೆ.

ಸಂಘದಲ್ಲಿ ಎಲ್ಲರಿಗಿಂತ ಹಿರಿಯಳು ಗೌರಮ್ಮ. ಕಣ್ಣು ಕಿರಿದು ಮಾಡಿ ಕೊನೆಯವರೆಗೂ ನೋಡಿದಳು.

“ಮಹಾದೇವಿ ರೊಟ್ಟಿ ಬಡ್ಯಾಕತ್ತಾಳೋ, ಕೊಳಲ ಊದಾಕತ್ತಾಳೋ?” ಅಂದಳು. “ಅವಾಜ ಇಲ್ದ ಅದೆಂಥಾ ರೊಟ್ಟಿರಿ ಅಣ್ಣಾ.”

ಅದೇ ದಿನ ಮಾದನಹಿಪ್ಪರಗಾದಿಂದ ಕಸ್ತೂರಿಯ ಫೋನ್. ಕಸ್ತೂರಿ ಮಹಾದೇವಿಯ ತಂಗಿ. ಅಕ್ಕತಂಗಿಯರು ಒಂದೇ ಒಲೆಯ ಮುಂದೆ ಎದುರುಬದುರು ಕೂತು ರೊಟ್ಟಿ ಕಲಿತವರು. ಸೋಮವಾರ ಬರುತ್ತೇನೆ ಅಂದಳು. ವಿಡಿಯೊಗೆ ಎಲ್ಲಿಂದಲೋ ಸದ್ದು ತಂದು ಹಾಕುವ ವಿಚಾರ ನಡೆದಿರುವುದು ಆಗಲೇ ಆಕೆಯ ಕಿವಿಗೆ ಬಿದ್ದಿತ್ತು.

“ಅಕ್ಕನ ಕೈ ಅವಾಜ ಇದ್ರ ಹಚ್ಚರಿ. ಇಲ್ಲಂದ್ರ ಫೋಟೊಕ್ಕ ಒಂದ ಹಾರ ಹಾಕಿ ಬಿಡ್ರಿ. ಯಾರದೋ ಅವಾಜ ತಂದು ಅಕಿದ ಅನ್ನಬ್ಯಾಡ್ರಿ ಮಾಮಾ.”

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರೊಟ್ಟಿಯ ಸದ್ದು ಒಬ್ಬೊಬ್ಬರದು ಒಂದೊಂದು. ಬೆಳಿಗ್ಗೆ ಓಣಿಯಲ್ಲಿ ನಡೆದು ಹೋದರೆ ಯಾರ ಮನೆಯಲ್ಲಿ ಇವತ್ತು ಅತ್ತೆ ಕೂತಿದ್ದಾಳೆ, ಯಾರ ಮನೆಯಲ್ಲಿ ಸೊಸೆ ಕೂತಿದ್ದಾಳೆ ಅಂತ ಹೊರಗಿನಿಂದಲೇ ತಿಳಿಯುತ್ತದೆ. ಜಗಳವಾಗಿದ್ದರೆ ಅದೂ ತಿಳಿಯುತ್ತದೆ. ಮಹಾದೇವಿಯದು ಎರಡು ಪೆಟ್ಟು ಮೆತ್ತಗೆ, ಒಂದು ಜೋರು. ಮತ್ತೆ ಎರಡು ಮೆತ್ತಗೆ, ಒಂದು ಜೋರು. ಕೊನೆಗೆ ಅಂಚಿನ ಮೇಲೆ ಬೆರಳ ತುದಿಯಿಂದ ಮೂರು ಸಣ್ಣ ಪೆಟ್ಟು, ಆಮೇಲೆ ರೊಟ್ಟಿ ಹಂಚಿಗೆ. ಮೂವತ್ತನಾಲ್ಕು ವರ್ಷ ಆ ಸದ್ದಿಗೇ ಎದ್ದವನು ನಾನು. ಅದನ್ನು ಕೇಳಿಸಿಕೊಳ್ಳುತ್ತಿದ್ದೆ ಅಂತ ಗೊತ್ತಾಗಿದ್ದು ಅದು ನಿಂತ ಮೇಲೆ.

ಹಾಗಾಗಿ ಭಂಡಾರದ ಸದ್ದು ಬಿಟ್ಟೆ. ಗೌರಮ್ಮನ ಹತ್ತಿರ ಹೋದೆ. ತಾನು ಹತ್ತು ವರ್ಷದವಳಿದ್ದಾಗಿನಿಂದ ಬಡಿಯುತ್ತಿದ್ದೇನೆ, ತನ್ನ ಕೈ ಬಿಟ್ಟರೆ ಇನ್ನಾರದು ಅಂತ ಆಕೆ ಕೂತಳು. ಫ್ಯಾನ್ ಆರಿಸಿದೆವು, ಬಾಗಿಲು ಹಾಕಿದೆವು, ಫೋನಿನ ಕೆಳಗೆ ಟವೆಲ್ ಮಡಚಿ ಇಟ್ಟೆ. ಸದ್ದು ಚೆನ್ನಾಗಿ ಬಂತು. ಮನೆಗೆ ಬಂದು ಕೊಳಲು ಕಿತ್ತು ಆ ಜಾಗಕ್ಕೆ ಗೌರಮ್ಮನನ್ನು ಹಾಕಿದೆ.

ಗೌರಮ್ಮನ ಕೈ ಎಕ್ಸ್‌ಪ್ರೆಸ್ ಗಾಡಿ. ಮಹಾದೇವಿಯ ರೊಟ್ಟಿ ಇನ್ನೂ ಅರ್ಧ ಅಗಲ ಆಗಿರುವಾಗ ಗೌರಮ್ಮನದು ಮುಗಿದೇ ಹೋಯಿತು. ಕೈ ಮೇಲಿದ್ದಾಗ ಪೆಟ್ಟು ಬೀಳುತ್ತದೆ, ಕೈ ಬಿದ್ದಾಗ ಸದ್ದಿಲ್ಲ. ವೇಗ ಕಡಿಮೆ ಮಾಡುವ ಒಂದು ಗುಂಡಿ ಇದೆ, ಅದನ್ನೂ ಒತ್ತಿದೆ. ಹೊಳೆಯ ದಂಡೆಯಲ್ಲಿ ಕಂಬಳಿ ಒಗೆದಂತೆ ಕೇಳಿಸಿತು. ಗೌರಮ್ಮನಿಗೆ ತೋರಿಸಿದರೆ, ಮಹಾದೇವಿ ಅಷ್ಟು ಸಾವಕಾಶ ಬಡಿದರೆ ತನ್ನದೇನು ತಪ್ಪು ಅಂತ ನನ್ನ ಮೇಲೇ ಸಿಟ್ಟಾದಳು.

ನಾನು ಟೈಮ್ ಕೀಪರ್ ಆಗಿದ್ದವನು. ಬಸ್ಸು ಐದು ನಿಮಿಷ ಹಿಂದುಮುಂದಾದರೆ ಪುಸ್ತಕದಲ್ಲಿ ಬರೆದು ಸುಮ್ಮನಾಗುವ ಕೆಲಸ. ಇಲ್ಲಿ ಕಾಲು ಸೆಕೆಂಡ್ ತಪ್ಪಿದರೂ ಕಣ್ಣು ಒಪ್ಪುವುದಿಲ್ಲ.

ಸಂಘದ ಇನ್ನಿಬ್ಬರ ಕೈಯನ್ನೂ ರೆಕಾರ್ಡ್ ಮಾಡಿದೆ. ಅವೂ ಕೂಡಲಿಲ್ಲ. ಕೊನೆಗೆ ಒಂದು ಉಪಾಯ ಮಾಡಿದೆ. ಪ್ರತಿ ಪೆಟ್ಟನ್ನೂ ಬೇರೆ ಬೇರೆ ಕತ್ತರಿಸಿ, ವಿಡಿಯೊದಲ್ಲಿ ಅಂಗೈ ಹಿಟ್ಟಿಗೆ ತಾಗುವ ಜಾಗ ಹುಡುಕಿ, ಒಂದೊಂದಾಗಿ ಕೂಡಿಸಿದೆ. ಎರಡು ದಿನ ಹಿಡಿಯಿತು. ಒಂದು ಪೆಟ್ಟೂ ತಪ್ಪಲಿಲ್ಲ. ಪ್ಲೇ ಒತ್ತಿ ಕೇಳಿದೆ. ಎಲ್ಲ ಬಸ್ಸೂ ಸರಿಯಾದ ಟೈಮಿಗೆ ಬಂದು ನಿಂತಿವೆ, ಒಂದರಲ್ಲೂ ಜನವಿಲ್ಲ.

ಕಸ್ತೂರಿ ಹೇಳಿದ್ದು ಇದನ್ನೇ ಇರಬೇಕು ಅನ್ನಿಸಿತು. ಫೋಟೊಕ್ಕೆ ಹಾರ ತರುವುದೇ ಸರಿ ಅಂದುಕೊಂಡು ಭಾನುವಾರ ಮಧ್ಯಾಹ್ನ ಸಂಘದ ಕೋಣೆಗೆ ಹೋಗಿ ಹೇಳಿದೆ.

ಮೂಲೆಯಲ್ಲಿ ರೊಟ್ಟಿ ಪ್ಯಾಕ್ ಮಾಡುತ್ತಿದ್ದ ಸುನೀತಾ ತಲೆ ಎತ್ತಿದಳು. ಈಕೆ ಪುಣೆ ಕಡೆಯಿಂದ ನಮ್ಮೂರ ಮನೆಯೊಂದಕ್ಕೆ ಬಂದ ಸೊಸೆ. ಮದುವೆಯಾಗಿ ಬಂದಾಗ ಆಕೆಗೆ ಲಟ್ಟಣಿಗೆ ಮಾತ್ರ ಗೊತ್ತಿತ್ತು, ಜೋಳದ ಹಿಟ್ಟು ಮುಟ್ಟಿದವಳಲ್ಲ. ಅದಕ್ಕೇ ಸಂಘದಲ್ಲಿ ಆಕೆಯ ಕೆಲಸ ಪ್ಯಾಕಿಂಗ್.

“ಕಾಕಾ, ನಾ ಬಡೀಲೇನ್ರಿ?”

“ಲಟ್ಟಣಿಗಿ ತರ್ಲೇನ್ಬೇ?” ಅಂದಳು ಗೌರಮ್ಮ. ಎಲ್ಲರೂ ನಕ್ಕರು. ಸುನೀತಾ ಕೂಡ ನಕ್ಕಳು. ನಕ್ಕು ಎದ್ದು ಕೈ ತೊಳೆದುಕೊಂಡು ಬಂದು ಕೂತಳು.

ಕೈತುಂಬ ಹಸಿರು ಬಳೆ ಇದ್ದವು. ವಿಡಿಯೊದಲ್ಲಿ ಕಾಕೂನ, ಅಂದರೆ ಮಹಾದೇವಿಯ, ಕೈಯಲ್ಲಿ ಎಷ್ಟು ಬಳೆ ಅಂತ ಕೇಳಿದಳು. ನಾಲ್ಕು ಅಂದೆ. ನಾಲ್ಕು ಬಿಟ್ಟು ಉಳಿದವನ್ನು ಮೇಲಕ್ಕೆ ಏರಿಸಿ ಬಟ್ಟೆಯ ಚೂರಿನಿಂದ ಬಿಗಿದಳು. (ಬಳೆಯ ಸದ್ದು! ಇಷ್ಟು ದಿನ ಅದು ನನ್ನ ತಲೆಗೆ ಹೊಳೆದಿರಲಿಲ್ಲ.) ಬಡಿಯುವಾಗ ನೋಡಿಕೊಳ್ಳಲಿ ಅಂತ ಟೀವಿಯಲ್ಲಿ ವಿಡಿಯೊ ಹಚ್ಚಲು ಹೋದೆ.

“ನೋಡೂದ ಬ್ಯಾಡ್ರಿ ಕಾಕಾ,” ಅಂದಳು. “ಕಾಕೂ ನನ್ನ ಕೈ ಮ್ಯಾಲ ಕೈ ಇಟ್ಟು ಬಡ್ದಾರ್ರಿ. ಮೂರ ತಿಂಗಳ.”

ಇದು ನನಗೆ ಗೊತ್ತಿರಲಿಲ್ಲ. ಮಹಾದೇವಿ ಮಧ್ಯಾಹ್ನ ಅಷ್ಟು ಹೊತ್ತು ಎಲ್ಲಿಗೆ ಹೋಗುತ್ತಾಳೆ ಅಂತ ನಾನು ಕೇಳಿದವನೇ ಅಲ್ಲ.

ಸುನೀತಾ ಬಡಿದಳು. ನಾನು ಫೋನಿನ ಕೆಂಪು ಚುಕ್ಕೆಯನ್ನೇ ನೋಡುತ್ತ ಕೂತೆ. ಎರಡು ಮೆತ್ತಗೆ, ಒಂದು ಜೋರು.

ಅಲ್ಲೇ ಕೂತು ಆ ಸದ್ದನ್ನು ವಿಡಿಯೊಗೆ ಹಾಕಿದೆ. ಸದ್ದಿನ ಪಟ್ಟಿಯನ್ನು ಬೆರಳಿನಿಂದ ಚೂರು ಎಡಕ್ಕೆ ಎಳೆದೆ. ಮೊದಲ ಪೆಟ್ಟು ಅಂಗೈಗೆ ಕೂಡಿತು. ಎರಡನೆಯದು ಕೂಡಿತು. ಮುಂದಿನದನ್ನು ನಾನು ಕೂಡಿಸಬೇಕಾಗಲೇ ಇಲ್ಲ. ಮಹಾದೇವಿಯ ಕೈ ತಡೆದಲ್ಲಿ ಸದ್ದು ತಡೆಯಿತು, ಕೈ ಬಿರುಸಾದಲ್ಲಿ ಸದ್ದು ಬಿರುಸಾಯಿತು, ಬಳೆ ಜಾರಿದಾಗ ಬಳೆ ಉಲಿಯಿತು. ನಡುವೆ ಹೊರಗೆ ಒಂದು ಬೈಕು ಹಾರ್ನ್ ಹೊಡೆದಿತ್ತು, ಆ ತುಣುಕು ಮಾತ್ರ ಕತ್ತರಿಸಿ ಸರಿಮಾಡಿದೆ. ಕೆಲಸ ಮುಗಿಸಿ ಇಳಿಸಿಕೊಂಡೆ. ಪುಕ್ಕಟೆ ಅಂದಮೇಲೆ ಮೂಲೆಯಲ್ಲಿ ವೆಬ್‌ಸೈಟಿನವರ ಮುದ್ರೆ ಇದ್ದೇ ಇರುತ್ತದೆ. ನಮ್ಮ ಹಿಟ್ಟಿನ ಡಬ್ಬಿಯ ಮೇಲೆ ಬಂದು ಕೂತಿದೆ. ಇರಲಿ. ಅವರದೂ ಪಾಲಿದೆ.

ಗೌರಮ್ಮ ಇನ್ನೊಮ್ಮೆ ಹಚ್ಚಿಸಿ ನೋಡಿದಳು. ಆಮೇಲೆ ಉಳಿದವರ ಕಡೆ ತಿರುಗಿ, “ಈಕಿಗಿ ನಾವು ಪ್ಯಾಕಿಂಗಕ್ಕ ಕೂಡ್ಸೇವಲ್ಲ,” ಅಂದಳು.

ಆದರೆ ನಿಜವಾದ ಪರೀಕ್ಷೆ ಬಾಕಿ ಇತ್ತು.

ಸೋಮವಾರ ಮೊದಲ ಬಸ್ಸಿಗೇ ಕಸ್ತೂರಿ ಬಂದಳು. ಕೈಯಲ್ಲಿ ಹೂವಿನ ಚೀಲ. ವಿಡಿಯೊ ಹಚ್ಚುತ್ತೇವೆ ಅಂದಾಗ ಬೇಡ ಅನ್ನಲಿಲ್ಲ, ನೋಡುತ್ತೇನೆ ಅಂತಲೂ ಅನ್ನಲಿಲ್ಲ. ಟೀವಿಗೆ ಬೆನ್ನು ಮಾಡಿ ಕೂತು ಅಕ್ಕನ ಫೋಟೊಕ್ಕೆ ಹಾರ ಕಟ್ಟತೊಡಗಿದಳು. ಪ್ಲೇ ಒತ್ತಿದೆ.

ಕೋಣೆಯಲ್ಲಿ ಮೂವತ್ತು ಮಂದಿ. ರೊಟ್ಟಿಯ ಸದ್ದು ಒಂದೇ.

ಕಸ್ತೂರಿಯ ಬೆರಳು ಹೂವಿನ ಮೇಲೆ ನಿಂತವು. ತಿರುಗಲಿಲ್ಲ. ತಲೆ ಮಾತ್ರ ಚೂರು ವಾಲಿತು. ಎರಡು ಮೆತ್ತಗೆ, ಒಂದು ಜೋರು. ಅಂಚಿನ ಮೇಲೆ ಮೂರು ಸಣ್ಣ ಪೆಟ್ಟು ಬಿದ್ದವು.

“ಈಗ ಎತ್ತತಾಳ,” ಅಂದಳು ಕಸ್ತೂರಿ.

ಅವಳ ಬೆನ್ನ ಹಿಂದೆ, ಟೀವಿಯಲ್ಲಿ, ಮಹಾದೇವಿ ರೊಟ್ಟಿ ಎತ್ತಿ ಹಂಚಿಗೆ ಹಾಕಿದಳು.

ಆಮೇಲೆ ಅಲ್ಲಿ ಆದ ಗದ್ದಲ ಬರೆಯಲು ಈ ಪುಟ ಸಾಲದು. ಮೂರು ಸಲ ಹಚ್ಚಿಸಿಕೊಂಡು ನೋಡಿದರು. ನಡುವೆ ಮಹಾದೇವಿಯ ತುಟಿ ಅಲ್ಲಾಡುತ್ತದೆ, ಮಾತು ಕೇಳುವುದಿಲ್ಲ. ಅಲ್ಲಿ ನಾನು ಏನನ್ನೂ ಹಾಕಿಲ್ಲ. ಆಕೆ ಏನಂದಿರಬಹುದು ಅಂತ ದೊಡ್ಡ ವಾದವೇ ನಡೆಯಿತು. ಉಪ್ಪು ಕೇಳುತ್ತಿದ್ದಾಳೆ ಅಂತ ಒಬ್ಬಳು, ಒಲೆಯ ಉರಿ ಸಣ್ಣ ಮಾಡು ಅನ್ನುತ್ತಿದ್ದಾಳೆ ಅಂತ ಇನ್ನೊಬ್ಬಳು. ಇದು ಗಂಡನನ್ನು ಬೈಯುವಾಗಿನ ಮುಖ, ತನಗೆ ಗೊತ್ತಿಲ್ಲವೇ ಅಂತ ಗೌರಮ್ಮ. ನಾನು ಬಾಯಿ ಬಿಡಲಿಲ್ಲ. ನೀವು ಮಾತ್ರ ಓದಿದ್ದೀರಿ, ನಿಮ್ಮಲ್ಲೇ ಇಟ್ಟುಕೊಳ್ಳಿ.

ಅಕ್ಕನ ಹಳೆಯ ಸದ್ದು ಎಲ್ಲಿ ಸಿಕ್ಕಿತು ಅಂತ ಕಸ್ತೂರಿ ಕೇಳಿದಳು. ಸುಳ್ಳು ಹೇಳಬಹುದಿತ್ತು. ಆಕೆಯ ಮುಖ ಅಷ್ಟು ಅರಳಿತ್ತು. ಆದರೆ ಫೋನಿನಲ್ಲಿ ಅವಳು ಹೇಳಿದ್ದು ನೆನಪಿತ್ತು. ಇದ್ದದ್ದನ್ನು ಇದ್ದಂತೆ ಹೇಳಿದೆ. ಹಳೆಯದು ಸಿಕ್ಕಿಲ್ಲ, ಅದನ್ನು ನಾನೇ ಅಳಿಸಿದ್ದೇನೆ, ಇದು ಬೇರೆಯವರ ಕೈ.

ಕಸ್ತೂರಿ ಎದ್ದಳು. ಸಿಟ್ಟು ಬಂತು ಅಂದುಕೊಂಡೆ. ಬಾಗಿಲ ಹತ್ತಿರ ನಿಂತಿದ್ದ ಸುನೀತಾಳ ಮುಂದೆ ಹೋಗಿ ನಿಂತು ಆಕೆಯ ಬಲಗೈ ಹಿಡಿದಳು. ಅಂಗೈ ಮೇಲೆ ಮಾಡಿ ನೋಡಿದಳು, ಕೆಳಗೆ ಮಾಡಿ ನೋಡಿದಳು. ಸಂತೆಯಲ್ಲಿ ಬಟ್ಟೆ ನೋಡಿದಂತೆ.

“ಇದು ಅಕ್ಕಂದ ಅದ,” ಅಂದಳು. “ನಿನ್ನ ಮನಿ ಎಲ್ಲಿಬೇ?”

“ಇಲ್ಲೇರಿ. ಎರಡ ಓಣಿ ಆಚಿಗಿ.”

“ದಿನಾ ಬಡೀತೀಯೇನು?”

“ಹೌದ್ರಿ. ಮುಂಜಾನಿ ಆರಕ್ಕ.”

ಈಗ ಬೆಳಗಿನ ವಾಕಿಂಗಿಗೆ ನಾನು ದಾರಿ ಬದಲಿಸಿದ್ದೇನೆ. ಸುನೀತಾಳ ಮನೆಯ ಮುಂದೆ ನಿಲ್ಲುವುದಿಲ್ಲ, ನಡೆಯುವುದು ಮಾತ್ರ ಸ್ವಲ್ಪ ಸಾವಕಾಶ.

ಹೋದವರು ಎಲ್ಲಿಗೆ ಹೋಗುತ್ತಾರೆ ಅಂತ ದೊಡ್ಡ ದೊಡ್ಡವರು ಏನೇನೋ ಹೇಳುತ್ತಾರೆ; ನಮ್ಮಾಕೆ ಎರಡು ಓಣಿ ಆಚೆ ಹೋಗಿದ್ದಾಳೆ.