ಇಸ್ತ್ರಿ ಕೋಣೆಯಲ್ಲಿ ಸಿಕ್ಕ ತಂಡ

ಲಾಂಡ್ರಿಯ ಹಿಂಬದಿಯ ಇಸ್ತ್ರಿ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಮೊದಲ ಮೇಜು ದೊಡ್ಡಕ್ಕನದು. ಅವಳಿಗಿಂತ ವಯಸ್ಸಾದವರೂ ಬಂದರು, ಹೋದರು. ಎಲ್ಲರ ಬಾಯಲ್ಲೂ ದೊಡ್ಡಕ್ಕ ಅಂದರೆ ಅವಳೇ. ಮೊದಲು ಕಾಲರು, ಆಮೇಲೆ ಭುಜ, ಕೈತುದಿ, ತೋಳು, ಕೊನೆಗೆ ಮೈ. ಕಣ್ಣು ಮುಚ್ಚಿದರೂ ಕೈ ಅದೇ ದಾರಿ ಹಿಡಿಯುತ್ತದೆ. ಮಾತು ಕಡಿಮೆ. ನಾಲ್ಕು ಮೇಜಿನಾಚೆ ಪಿಸುಗುಟ್ಟಿದ್ದೂ ಅವಳ ಕಿವಿಗೆ ಬೀಳುತ್ತದೆ, ಬಿದ್ದದ್ದು ಬಾಯಿಂದ ಆಚೆ ಬರುವುದಿಲ್ಲ.

ಆ ಕಿವಿಯನ್ನು ಅವಳ ತಮ್ಮ ಮಾತ್ರ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ತಮ್ಮ ಒಂದು ಹೋಟೆಲಿನ ವಾದ್ಯದವರ ಜೊತೆ ಡ್ರಮ್ಸ್ ಬಾರಿಸುವವನು. ಮನೆಗೆಲ್ಲ ಸಂಗೀತ ಗೊತ್ತಿರುವವನು ಅವನೊಬ್ಬನೇ ಎಂದು ತೀರ್ಮಾನವಾಗಿ ಎಷ್ಟೋ ಕಾಲವಾಗಿತ್ತು. ಚಿಕ್ಕಂದಿನಲ್ಲಿ ಅವಳು ಪಾತ್ರೆ ತೊಳೆಯುತ್ತ ಗುನುಗಿದರೆ ಸಾಕು, "ಅಮ್ಮಾ, ಆ ಬಾಗಿಲಿಗೆ ಸ್ವಲ್ಪ ಎಣ್ಣೆ ಹಾಕು" ಎಂದು ಕೂಗುತ್ತಿದ್ದ. ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಗುನುಗುವುದು ಮಾತ್ರ ನಿಂತುಹೋಯಿತು.

ಕ್ಯಾಸೆಟ್ ಸಿಕ್ಕಿದ್ದು ಬೂದುಬಣ್ಣದ ಕೋಟೊಂದರ ಒಳಜೇಬಿನಲ್ಲಿ. "ಭಾನುವಾರದ ಬೂಟುಗಳು: ಹದಿನಾರು ಹಿಟ್ ಹಾಡುಗಳು" ಎಂದು ಮೇಲೆ ಬರೆದಿತ್ತು. ಹೊದಿಕೆಯ ಚಿತ್ರದಲ್ಲಿ ತಂಡದ ನಾಲ್ವರು ಗಂಡಸರು ಒಂದೇ ಥರದ ಬೂಟು ಹಾಕಿಕೊಂಡು ಹಲ್ಲು ಕಿರಿಯುತ್ತಿದ್ದರು. ಕೋಟಿನವನು ಬಂದಾಗ ಕೊಡಹೋದರೆ, "ಅಯ್ಯೋ, ನೀವೇ ಇಟ್ಕೊಳ್ಳಿ. ಇವರನ್ನ ಈಗ ಯಾರು ಕೇಳ್ತಾರೆ?" ಎಂದು ಕೈ ಆಡಿಸಿ ಹೋಗಿಬಿಟ್ಟ.

ಇಸ್ತ್ರಿ ಕೋಣೆಯಲ್ಲಿ ಹಬೆಯ ಪೈಪಿನ ಪಕ್ಕದ ಹಲಗೆಯ ಮೇಲೆ ಹಳೆಯದೊಂದು ಟೇಪ್ ರೆಕಾರ್ಡರ್ ಇತ್ತು. ವರ್ಷಗಟ್ಟಲೆ ಅದರಲ್ಲಿ ಬರೀ ರೇಡಿಯೋ ಹಾಡುತ್ತಿತ್ತು. ಕ್ಯಾಸೆಟ್ ಹಾಕುವ ಬಾಗಿಲನ್ನು ಯಾರೂ ತೆರೆದಿರಲಿಲ್ಲ. ಏನು ಕೇಳಬೇಕು ಅನ್ನುವುದು ಮೊದಲ ಮೇಜಿನವರ ಹಕ್ಕು. ಆ ಹಕ್ಕನ್ನು ಇಷ್ಟು ಕಾಲ ಬೇರೆಯವರಿಗೆ ಬಿಟ್ಟುಕೊಟ್ಟಿದ್ದ ದೊಡ್ಡಕ್ಕ ಅವತ್ತು ತಾನೇ ಹೋಗಿ ಕ್ಯಾಸೆಟ್ ಹಾಕಿದಳು.

ಮೊದಲ ಹಾಡೇ ಅವಳನ್ನು ಹಿಡಿದು ನಿಲ್ಲಿಸಿತು. ಬಾವಿಯೊಳಗಿಂದ ಬಂದ ಹಾಗೆ ಭಾರವಾದ, ಅವಸರವಿಲ್ಲದ ದನಿ. ಅದರ ಕೆಳಗೆ ದಪ್ಪ ತಂತಿಯ ಗಿಟಾರಿನವನು ತನ್ನ ಪಾಡಿಗೆ ತಾನು ಎಲ್ಲಿಗೋ ಹೊರಟು, ಹೊಸ್ತಿಲಲ್ಲಿ ನಿಂತು ಯೋಚಿಸಿ, ವಾಪಸು ಬರುತ್ತಿದ್ದ. ಒಂದು ಹಾಡು ಮುಗಿಯುವ ಹೊತ್ತಿಗೆ ಸರಿಯಾಗಿ ಒಂದು ಶರ್ಟು ಮುಗಿಯುತ್ತಿತ್ತು.

"ಏನ್ ದೊಡ್ಡಕ್ಕ, ಎಲ್ಲಿಂದ ತಂದೆ ಈ ಅಳುಮುಂಜಿ ಹಾಡು? ಶರ್ಟಿಗೇ ನಿದ್ದೆ ಬರ್ತಿದೆ," ಎಂದಳು ಪಕ್ಕದ ಮೇಜಿನವಳು.

"ಬರಲಿ ಬಿಡು. ಮಲಗಿದ ಶರ್ಟು ಕೈಕಾಲು ಆಡಿಸಲ್ಲ."

ಎರಡು ತಿಂಗಳಲ್ಲಿ ಹದಿನಾರು ಹಾಡೂ ಅವಳ ಕೈಗೆ ಹತ್ತಿದವು. ಇಂಥವರನ್ನು ಜನ ಯಾಕೆ ಮರೆತರೋ ಎಂದು ಸೋಜಿಗ. ಇದನ್ನು ತಮ್ಮನಿಗೆ ಕೇಳಿಸಬೇಕು ಅನ್ನಿಸಿತು. ಸಂಗೀತ ಅಂತ ಬಾಳಿನಲ್ಲಿ ಅವಳು ತಾನಾಗಿ ಆರಿಸಿಕೊಂಡದ್ದು ಇದೊಂದೇ. ಚೆನ್ನಾಗಿದೆ ಎಂದು ಅವನ ಬಾಯಿಂದ ಬಂದರೆ, ತನಗೂ ಒಂದು ಕಿವಿ ಇದೆ ಎಂದಾಗುತ್ತದೆ.

ರಜೆಯ ದಿನ ಅವನ ಮನೆಗೆ ಹೋದಳು. ಕ್ಯಾಸೆಟ್ ನೋಡಿದ್ದೇ ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ.

"ಬೂಟುಗಳಾ? ಅಕ್ಕಾ, ನಮ್ಮ ಹೋಟೆಲಲ್ಲಿ ತಟ್ಟೆ ತೊಳೆಯೋರೂ ಇವರನ್ನ ಕೇಳಲ್ಲ!"

"ಮೊದಲು ಕೇಳು, ಆಮೇಲೆ ಮಾತಾಡು."

ಹಾಕಿದ. ಸಣ್ಣ ಕೀರಲು ದನಿಯೊಂದು ಕುಪ್ಪಳಿಸುತ್ತ ಹೊರಟಿತು. ಎಲ್ಲರೂ ಬಸ್ಸಿಗೆ ಓಡುತ್ತಿರುವ ಹಾಗಿತ್ತು.

"ಅತ್ತಿಗೆ, ಇದಕ್ಕೆ ನಾನೂ ಕುಣೀಬಹುದು!" ಎಂದು ತಮ್ಮನ ಹೆಂಡತಿ ಅಡಿಗೆಮನೆಯಿಂದ ಇಣುಕಿದಳು.

"ಇದಲ್ಲ," ಎಂದಳು ದೊಡ್ಡಕ್ಕ.

"ನೀನು ತಂದ ಕ್ಯಾಸೆಟ್ಟೇ ಅಕ್ಕಾ."

"ನಿನ್ನ ಮೆಷಿನ್ನು ಕೆಟ್ಟಿದೆ."

"ಹೋದ ತಿಂಗಳು ತಂದಿದ್ದು ಇದು. ಕೆಟ್ಟಿರೋದು ಯಾವುದು ಅಂತ ನಾನು ಹೇಳಬೇಕಾ?"

ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ದೊಡ್ಡಕ್ಕ ಕ್ಯಾಸೆಟ್ ತೆಗೆದು ಚೀಲಕ್ಕೆ ಹಾಕಿಕೊಂಡಳು, ಊಟಕ್ಕೆ ನಿಲ್ಲಲಿಲ್ಲ.

ಮಂಗಳವಾರ ವಾದ್ಯದವರ ಕೋಟುಗಳನ್ನು ಒಯ್ಯಲು ತಮ್ಮ ಲಾಂಡ್ರಿಗೆ ಬಂದ. ಇಸ್ತ್ರಿ ಕೋಣೆಯಲ್ಲಿ ಬೂಟುಗಳು ಹಾಡುತ್ತಿದ್ದರು. ಅವನು ಬಾಗಿಲಲ್ಲೇ ನಿಂತು ಹುಬ್ಬು ಗಂಟಿಕ್ಕಿದ. ಸೀದಾ ಹೋಗಿ ಟೇಪ್ ರೆಕಾರ್ಡರ್ ನಿಲ್ಲಿಸಿ, ಅದರ ಬೆನ್ನು ಬಿಚ್ಚಿ ನೋಡಿದ.

"ನೋಡು ಬಾ ಇಲ್ಲಿ. ಪೈಪಿನ ಬಿಸಿಗೆ ಒಳಗಿನ ರಬ್ಬರ್ ಬೆಲ್ಟು ಹಿಗ್ಗಿಹೋಗಿದೆ. ಅದಕ್ಕೇ ಟೇಪು ತೆವಳ್ತಾ ಇದೆ. ಎರಡು ತಿಂಗಳಿಂದ ನೀನು ಕೇಳಿದ್ದು ಬೂಟುಗಳನ್ನಲ್ಲ, ಈ ಬೆಲ್ಟನ್ನ!"

ಉಳಿದ ನಾಲ್ಕು ಮೇಜಿನವರೂ ನಕ್ಕರು. ಈ ಸಲ ದೊಡ್ಡಕ್ಕ ನಗಲಿಲ್ಲ. ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು.

"ಬೆಲ್ಟು ನಿಧಾನ ಮಾಡುತ್ತೆ, ಸರಿ. ಇಲ್ಲದ ಗಿಟಾರನ್ನ ಎಲ್ಲಿಂದ ತರುತ್ತೆ? ಆ ದಪ್ಪ ತಂತಿಯವನು ನಿನ್ನ ಮನೇಲೂ ಇದ್ದನಲ್ಲ. ಆ ಓಟದಲ್ಲಿ ನಿನಗೂ ಸಿಗಲಿಲ್ಲ, ನನಗೂ ಸಿಗಲಿಲ್ಲ. ಕೂತ್ಕೋ. ಮೂರನೇ ಹಾಡು ಹಾಕು."

ಅಕ್ಕ ಇಷ್ಟು ಮಾತಾಡಿದ್ದನ್ನು ಅವನು ಎಂದೂ ಕೇಳಿರಲಿಲ್ಲ. ಬಟ್ಟೆಯ ಗಂಟಿನ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ಬೆರಳುಗಳು ಮೊಣಕಾಲಿನ ಮೇಲೆ ಮೆಲ್ಲಗೆ ತಟ್ಟುತ್ತ ಗಿಟಾರಿನವನ ಹಿಂದೆ ಹೊರಟವು. ದೊಡ್ಡಕ್ಕ ಬೆನ್ನು ಹಾಕಿಕೊಂಡು ತೋಳಿಗೆ ಇಸ್ತ್ರಿ ಹಾಕುತ್ತಿದ್ದಳು.

"ಅಲ್ಲಲ್ಲ," ಎಂದಳು, ತಿರುಗದೆಯೇ. "ಅಲ್ಲಿ ಅವನು ಒಂದು ಏಟು ತಡೀತಾನೆ. ನೀನು ತಡೀಲಿಲ್ಲ."

"ಎಲ್ಲಿ?"

"ಹಾಡೋನು ಎರಡನೇ ಸಲ 'ಬಾ' ಅಂತಾನಲ್ಲ, ಅದಾದ ಮೇಲೆ."

ಹಿಂದಕ್ಕೆ ತಿರುಗಿಸಿ ಹಾಕಿದ. ಮತ್ತೆ ತಪ್ಪಿದ. ಮೂರನೇ ಸಲ ಅವನ ಬೆರಳು ಆ ಜಾಗದಲ್ಲಿ ಗಾಳಿಯಲ್ಲೇ ನಿಂತಿತು.

"ಡ್ರಮ್ಮಿನವರೇ, ನೀವು ಕೂತ ಗಂಟಿನ ಸುಕ್ಕು ಬಿಡಿಸೋರು ನಾವು. ಸ್ವಲ್ಪ ಕರುಣೆ ಇರಲಿ," ಎಂದಳು ಪಕ್ಕದ ಮೇಜಿನವಳು. ಅವನಿಗೆ ಅದು ಕೇಳಿಸಿದಂತೆ ಕಾಣಲಿಲ್ಲ.

ಹಾಡು ಮುಗಿಯಿತು. ಚೆನ್ನಾಗಿದೆ ಎಂದು ತಮ್ಮ ಹೇಳಲಿಲ್ಲ. ಬಿಚ್ಚಿದ್ದ ಮುಚ್ಚಳವನ್ನು ಕೂರಿಸಿ, "ಈ ಕ್ಯಾಸೆಟ್ಟನ್ನ ಒಂದು ವಾರ ಕೊಡು. ನಮ್ಮ ಗಿಟಾರಿನವನಿಗೆ ಕೇಳಿಸಬೇಕು," ಎಂದ.

"ಅವನನ್ನೇ ಇಲ್ಲಿಗೆ ಕರ್ಕೊಂಡು ಬಾ," ಎಂದಳು ದೊಡ್ಡಕ್ಕ. "ನಿನ್ನ ಮೆಷಿನ್ನಲ್ಲಿ ಅವನಿಗೂ ಕೇಳ್ಸಲ್ಲ."

ತಮ್ಮ ಕೋಟುಗಳನ್ನು ತೋಳಿನ ಮೇಲೆ ಹಾಕಿಕೊಂಡು ಹೊರಟ. ಬೆಲ್ಟು ಬದಲಾಯಿಸುವ ಮಾತೆತ್ತಲಿಲ್ಲ. ಗುರುವಾರ ಇಬ್ಬರೂ ಬಂದರು.