ಸಾಣೆಗೆ ಕೊಟ್ಟ ಕತ್ತರಿ

ಬೆಳಗ್ಗೆ ಆರು ಗಂಟೆ. ಅಂಗಡಿಯ ಕಬ್ಬಿಣದ ಬಾಗಿಲು ಅರ್ಧ ಮಾತ್ರ ಎದ್ದಿದೆ, ಪತ್ರಿಕೆಗೆ ಬರೆಯಲು ಬಂದ ನಾನು ಬಗ್ಗಿಕೊಂಡೇ ಒಳಗೆ ನುಗ್ಗಬೇಕು. ನೋಟ್‌ಪುಸ್ತಕ, ಶಾಯಿ, ಲಕೋಟೆಗಳ ಕಪಾಟು ದಾಟಿ ಹೋದರೆ ಮೆಟ್ಟಿಲ ಕೆಳಗೊಂದು ಮೇಜು. ಅದರ ಹಿಂದೆ ಶಾಲು ಹೊದ್ದು ಕೂತ ಅರವತ್ತರ ಹೆಣ್ಣುಮಗಳು ನನ್ನನ್ನು ಕಂಡದ್ದೇ, "ಬೇಗ ಬಾಗಿಲು ಎಳೆದುಬಿಡಿ, ಗಾಳಿ ಬಂದ್ರೆ ಎಲ್ಲಾ ಹಾರಿಹೋಗುತ್ತೆ" ಎನ್ನುತ್ತಾರೆ. ನಮಸ್ಕಾರವೆಲ್ಲ ಆಮೇಲೆ.

ಬಿಳಿ ಹಾಳೆಯೊಂದನ್ನು ಎರಡಾಗಿ, ನಾಲ್ಕಾಗಿ, ಎಂಟಾಗಿ ಮಡಿಸುತ್ತಾರೆ. ಮಡಿಕೆಯ ಮೇಲೆ ಹೆಬ್ಬೆರಳ ಉಗುರು ಒಮ್ಮೆ ಓಡುತ್ತದೆ. ಉಕ್ಕಿನ ಅಡಿಪಟ್ಟಿ ಒತ್ತಿ ಹಿಡಿದು ಸರ್ರನೆ ಹರಿದು ಬಿಡಿಸಿದರೆ, ಎಂಟು ಮೂಲೆಯ ನಕ್ಷತ್ರ. ಅಂಗಡಿ ತೆರೆಯುವುದರೊಳಗೆ ಇಂಥ ನಲವತ್ತು ಆಗಬೇಕು. ಆಮೇಲೆ ಬಣ್ಣದ ಕಾಗದದ ಉಂಗುರಗಳ ಸರ, ಸರಕ್ಕೆ ನೂರು ಉಂಗುರ. ಹತ್ತು ಗಂಟೆಯಿಂದ ಸಂಜೆಯವರೆಗೆ ಉಡುಗೊರೆ ಸುತ್ತುವ ಕೆಲಸ. ಚಳಿಗಾಲದ ರಜೆ ಹತ್ತಿರ ಬಂತೆಂದರೆ ದಿನಕ್ಕೆ ಅರವತ್ತು ಪೊಟ್ಟಣ. ಎಲ್ಲರ ಬಾಯಲ್ಲೂ ಇವರು ನಕ್ಷತ್ರದಕ್ಕ. ನಿಜವಾದ ಹೆಸರು ಗೊತ್ತಿರುವುದು ಅಂಗಡಿಯ ಯಜಮಾನರೊಬ್ಬರಿಗೆ, ಅವರೂ ಒಂದು ಕ್ಷಣ ಯೋಚಿಸಿಯೇ ಹೇಳುತ್ತಾರೆ.

ಅಕ್ಕ ಸುತ್ತಿದ ಪೊಟ್ಟಣಕ್ಕೆ ಟೇಪ್ ಇರುವುದಿಲ್ಲ, ಮಡಿಕೆ ಮತ್ತು ದಾರ ಅಷ್ಟೇ. ಕಾಗದ ಹರಿಯದಂತೆ ಬಿಚ್ಚಬಹುದು, ಮುಂದಿನ ವರ್ಷಕ್ಕೂ ಬರುತ್ತದೆ. ನಮ್ಮಮ್ಮ ಅಂಥ ಕಾಗದವನ್ನು ಹಾಸಿಗೆಯ ಕೆಳಗಿಟ್ಟು ಸುಕ್ಕು ತೆಗೆಯುತ್ತಿದ್ದಳು. ನೀಲಿಯ ಮೇಲೆ ಬಿಳಿ ಚುಕ್ಕಿಯ ಒಂದೇ ಹಾಳೆ ನಾಲ್ಕು ಚಳಿಗಾಲ ನಮ್ಮ ಮನೆಯಲ್ಲಿ ಸುತ್ತಾಡಿತ್ತು. ಒಂದು ವರ್ಷ ಅಣ್ಣನ ಕಾಲುಚೀಲಕ್ಕೆ, ಇನ್ನೊಂದು ವರ್ಷ ನನ್ನ ಬಣ್ಣದ ಪೆಟ್ಟಿಗೆಗೆ. ಅದನ್ನು ಸುತ್ತಿದ್ದು ಇದೇ ಮೇಜಿನ ಮೇಲೆ ಅಂತ ಈಗ ಗೊತ್ತಾಗುತ್ತದೆ. ನಾನೇನಾದರೂ ಸುತ್ತಿದರೆ ಬ್ಯಾಂಡೇಜು ಕಟ್ಟಿದ ಹಾಗಿರುತ್ತದೆ, ಆ ಮಾತು ಬಿಡಿ.

ಅರ್ಧ ಗಂಟೆ ನೋಡಿದ ಮೇಲೆ ನನ್ನ ಮಂದ ತಲೆಗೆ ಹೊಳೆಯಿತು: ಮೇಜಿನ ಮೇಲೆ ಅಂಟಿನ ಬಟ್ಟಲಿದೆ, ದಾರದ ಉಂಡೆಯಿದೆ, ಕತ್ತರಿ ಮಾತ್ರ ಇಲ್ಲ. ಕೇಳಿದರೆ ಅಕ್ಕ ಗದ್ದದಿಂದಲೇ ಗೋಡೆ ತೋರಿಸುತ್ತಾರೆ. ಅಲ್ಲೊಂದು ಚೀಟಿ. ದುಂಡಗಿನ ಅಕ್ಷರ: "ಇಲ್ಲಿ ಸುತ್ತಿಸಿದ ಪೊಟ್ಟಣದಲ್ಲಿ ಕತ್ತರಿ ಸಿಕ್ಕಿದ್ದರೆ ದಯವಿಟ್ಟು ತಿಳಿಸಿ. ಹಿಡಿಗೆ ಕೆಂಪು ದಾರ ಸುತ್ತಿದೆ."

ಚೀಟಿ ಹೊಸದು, ವಿಷಯ ಇಪ್ಪತ್ತೇಳು ವರ್ಷ ಹಳೆಯದು. ಪ್ರತಿ ಚಳಿಗಾಲ ಅಕ್ಕ ಅದನ್ನು ಹೊಸದಾಗಿ ಬರೆದು ಅಂಟಿಸುತ್ತಾರೆ. ಗಿರಾಕಿಗಳಿಗೆ ಅದೊಂದು ತಮಾಷೆ. "ಕತ್ತರಿ ಬೇಡಕ್ಕ, ಬಂಗಾರ ಬಿದ್ದುಹೋಗಿದ್ರೆ ಹೇಳಿ, ಹುಡುಕಿಕೊಡ್ತೀವಿ" ಅನ್ನುತ್ತಾರಂತೆ. ಅಕ್ಕನೂ ನಗುತ್ತಾರೆ. ಚೀಟಿ ಮಾತ್ರ ತೆಗೆಯುವುದಿಲ್ಲ.

ಈ ಮೇಜು ಮೊದಲು ಅವರ ಅಪ್ಪನದು. ಅಪ್ಪ ಎಡಚ. ಎಡಗೈಗೆಂದೇ ಮಾಡಿಸಿದ ಕತ್ತರಿ ಅವರದು, ಅಲಗುಗಳು ಮಾಮೂಲಿಗಿಂತ ತಿರುವುಮುರುವು. ಎಂಟು ವರ್ಷದ ಮಗಳು ಪಕ್ಕದಲ್ಲಿ ಕೂತು ಕಲಿತದ್ದು ಅದರಲ್ಲೇ. "ನಂದು ಉಣ್ಣೋದು, ಬರೆಯೋದು ಎಲ್ಲಾ ಬಲಗೈ. ಕತ್ತರಿಸೋದು ಮಾತ್ರ ಎಡಗೈ. ಬೇರೆ ಕತ್ತರಿ ಕೊಟ್ರೆ ಕಾಗದ ಅಗಿದ ಹಾಗಾಗುತ್ತೆ" ಎಂದು ಅಕ್ಕ ಎರಡೂ ಕೈ ಮುಂದೆ ಚಾಚುತ್ತಾರೆ.

ಇಪ್ಪತ್ತೇಳು ವರ್ಷದ ಹಿಂದಿನ ಆ ಚಳಿಗಾಲ ಅಪ್ಪ ಹಾಸಿಗೆ ಹಿಡಿದಿದ್ದರು. ಮೇಜಿಗೆ ಅಕ್ಕ ಒಬ್ಬರೇ. ರಜೆಯ ಹಿಂದಿನ ದಿನ, ಸಾಲು ಬೀದಿಯವರೆಗೆ ನಿಂತಿದೆ. ಅವರಿಗೊಂದು ಅಭ್ಯಾಸವಿತ್ತು: ಪೊಟ್ಟಣದ ಅಳತೆಗೆ ಕಾಗದ ಕತ್ತರಿಸಿದ ಮೇಲೆ, ಕತ್ತರಿ ಕಾಗದದಡಿ ಕಳೆದುಹೋಗದಿರಲಿ ಅಂತ ತೆರೆದ ಪೆಟ್ಟಿಗೆಯೊಳಗೇ ಇಡುವುದು. ಮುಚ್ಚಳ ಹಾಕುವ ಮುಂಚೆ ತೆಗೆಯುವುದು. ಆ ದಿನ ತೆಗೆಯಲಿಲ್ಲ. ಗೊತ್ತಾಗುವಷ್ಟರಲ್ಲಿ ಹನ್ನೊಂದು ಪೊಟ್ಟಣ ಬಾಗಿಲು ದಾಟಿದ್ದವು.

"ಯಜಮಾನ್ರು ನೆನಪು ಮಾಡ್ಕೊಂಡು ಆರು ಮನೆ ಹೇಳಿದ್ರು. ಆರಕ್ಕೂ ಹೋದೆ. ಒಬ್ರು ಬಾಗಿಲಲ್ಲೇ ನಕ್ಕುಬಿಟ್ರು. ಉಳಿದ ಐದು ಯಾರು ತಗೊಂಡ್ರೋ, ಯಾವೂರಿಗೆ ಹೋದ್ವೋ."

ಮನೆಯಲ್ಲಿ ಅಪ್ಪ ಕೇಳಿದರು, ಕತ್ತರಿ ಎಲ್ಲಮ್ಮ? ಮಗಳು ಹೇಳಿದ್ದು, ಸಾಣೆಗೆ ಕೊಟ್ಟಿದ್ದೀನಪ್ಪ. ಎರಡು ದಿನ ಬಿಟ್ಟು ಮತ್ತೆ ಕೇಳಿದರು, ಅದೇ ಉತ್ತರ. ಮೂರನೆಯ ಸಲ ಅಪ್ಪ, "ಎಡಗೈ ಕತ್ತರಿ ಸಾಣೆ ಹಿಡಿಯೋಕೆ ಎಲ್ಲರಿಗೂ ಬರಲ್ಲ ಮಗಳೇ. ಗೊತ್ತಿರೋನ ಕೈಗೇ ಕೊಟ್ಟಿದ್ದೀಯ ತಾನೇ?" ಎಂದರು. ಹೂಂ ಅಂದಳು ಮಗಳು. ಮರುವಾರ ಅಪ್ಪ ತೀರಿಕೊಂಡರು.

"ಜೀವಮಾನದಲ್ಲಿ ಅವರಿಗೆ ಹೇಳಿದ ಸುಳ್ಳು ಅದೊಂದೇ. ಅದೂ ಕೊನೇ ಮಾತಾಗಿಹೋಯ್ತು. ಕತ್ತರಿ ಬಂದ್ರೆ ಸಾಣೆ ಹಿಡಿಸಿ ಇದೇ ಮೇಜಿನ ಮೇಲೆ ಇಡ್ಬೇಕು. ಆಮೇಲೆ ಸಮಾಧಾನ" ಎಂದು ಅಕ್ಕ ಅಡಿಪಟ್ಟಿ ಎತ್ತಿಕೊಳ್ಳುತ್ತಾರೆ. ಅಂದಿನಿಂದ ಬೇರೆ ಕತ್ತರಿ ಮುಟ್ಟಿಲ್ಲ. ಮೊದಲು ತಮ್ಮ ಮೇಲಿನ ಸಿಟ್ಟಿಗೆ ಹರಿಯಲು ಶುರುಮಾಡಿದ್ದು, ಆಮೇಲೆ ಅದೇ ಕೈಗೆ ಕೂತುಬಿಟ್ಟಿತು.

ನಾನು ಇಷ್ಟನ್ನೇ ಬರೆದು ಮುಗಿಸಿದ್ದೆ. ಒಂದು ಸರಕ್ಕೆ ಉಂಗುರ ನೂರೋ ನೂರಿಪ್ಪತ್ತೋ ಎಂದು ಅನುಮಾನ ಬಂದು, ಹತ್ತು ದಿನ ಬಿಟ್ಟು ಮತ್ತೆ ಅಂಗಡಿಗೆ ಹೋಗುತ್ತೇನೆ. ನೂರೇ. ಆದರೆ ಗೋಡೆಯ ಮೇಲೆ ಚೀಟಿ ಇಲ್ಲ.

"ಹೋದ ವಾರ ಒಬ್ಳು ಬಂದಿದ್ಳು" ಎನ್ನುತ್ತಾರೆ ಅಕ್ಕ. ಮೂವತ್ತೈದರ ಹೆಂಗಸು, ಬೇರೆ ಊರಿಂದ ಸೋದರತ್ತೆಯ ಮನೆಗೆ ಬಂದವಳು. ಕಾಗದ ಕೊಳ್ಳಲು ಅಂಗಡಿ ಹೊಕ್ಕು, ಚೀಟಿ ಓದಿ ಹಾಗೇ ನಿಂತುಬಿಟ್ಟಳಂತೆ. ಆಮೇಲೆ ಕಾಗದವನ್ನೂ ಕೊಳ್ಳದೆ ಹೊರಟುಹೋದಳು. ನಾಲ್ಕು ದಿನ ಬಿಟ್ಟು ತನ್ನೂರಿಂದ ವಾಪಸ್ ಬಂದು, ಮೇಜಿನ ಮೇಲೊಂದು ಪುಟ್ಟ ಪೊಟ್ಟಣ ಇಟ್ಟಳು. ಬಿಚ್ಚಿದರೆ ಕತ್ತರಿ. ಕೆಂಪು ದಾರ ಮಾಸಿ ಕಂದು ಬಣ್ಣಕ್ಕೆ ತಿರುಗಿತ್ತು.

ಆಕೆಗೆ ಎಂಟು ವರ್ಷವಾಗಿದ್ದಾಗ ಸೋದರತ್ತೆ ಕಳಿಸಿದ ಪೆಟ್ಟಿಗೆಯಲ್ಲಿ ಉಣ್ಣೆಯ ಟೋಪಿ ಇತ್ತು, ಟೋಪಿಯ ಮೇಲೆ ಈ ಕತ್ತರಿ. ಹುಡುಗಿ ಎಡಚಿ. ಶಾಲೆಯಲ್ಲಿ ಯಾವ ಕತ್ತರಿಯೂ ಕೈಗೆ ಒಗ್ಗದೆ ಬೈಸಿಕೊಂಡು ಅಳುತ್ತಿದ್ದವಳು. "ಅತ್ತೆಗೆ ನನ್ನ ಕಷ್ಟ ಹೇಗೋ ಗೊತ್ತಾಗಿದೆ ಅಂದ್ಕೊಂಡೆ, ಅಮ್ಮಾ. ಟೋಪಿ ನೆನಪೂ ಇಲ್ಲ, ಇದನ್ನ ಮಾತ್ರ ಒಂದು ದಿನ ಬಿಟ್ಟಿಲ್ಲ" ಅಂದಳಂತೆ. ಈಗ ಅವಳು ಮಕ್ಕಳಿಗೆ ಕಾಗದದ ಕೆಲಸ ಕಲಿಸುವ ಟೀಚರ್.

ಅಕ್ಕ ಒಂದು ಹಾಳೆ ಮಡಿಸಿ, ಎಡಗೈಯಲ್ಲಿ ಕತ್ತರಿ ಹಿಡಿದು, ಇಪ್ಪತ್ತೇಳು ವರ್ಷದ ಮೇಲೆ ಒಂದು ನಕ್ಷತ್ರ ಕತ್ತರಿಸಿದರು. ಯಜಮಾನರು ನಡುವೆ ಬಾಯಿ ಹಾಕುತ್ತಾರೆ: "ನಾನು ಇಷ್ಟು ವರ್ಷದಲ್ಲಿ ಇವರು ಅತ್ತದ್ದು ನೋಡಿರಲಿಲ್ಲ ಸಾರ್. ಅಂಗಡೀಲಿ ಗಿರಾಕಿ ಇದ್ರು, ನಾನೂ ಅತ್ತುಬಿಟ್ಟೆ."

ಮೇಜಿನ ಮೇಲೆ ನೋಡುತ್ತೇನೆ. ಅಂಟಿನ ಬಟ್ಟಲು, ದಾರದ ಉಂಡೆ, ಅಡಿಪಟ್ಟಿ. ಈಗಲೂ ಕತ್ತರಿ ಇಲ್ಲ.

"ಕೊಟ್ಟುಬಿಟ್ಟೆ" ಎನ್ನುತ್ತಾರೆ ಅಕ್ಕ. "ಬೇಡ ಬೇಡ ಅಂದ್ಳು, ಕೇಳ್ಲಿಲ್ಲ. ಇರೋದ್ರಲ್ಲೇ ಒಳ್ಳೇ ಕಾಗದದಲ್ಲಿ ಸುತ್ತಿ ಕೈಗಿಟ್ಟೆ. ಈ ಸಲ ಬೇಕಂತಲೇ ಒಳಗಿಟ್ಟು ಸುತ್ತಿದ್ದು."

ಹಾಗಾದರೆ ಅಪ್ಪನ ವಿಷಯ, ಎಂದು ಕೇಳುತ್ತೇನೆ. ಅಕ್ಕ ಕತ್ತರಿಸಿದ ಆ ನಕ್ಷತ್ರವನ್ನು ಚೀಟಿಯಿದ್ದ ಜಾಗಕ್ಕೆ ಅಂಟಿಸಿದ್ದಾರೆ. ಅದರ ಅಂಚಿನ ಮೇಲೆ ನಿಧಾನವಾಗಿ ಬೆರಳಾಡಿಸುತ್ತಾರೆ, ಎಲ್ಲೂ ಒಂದು ಎಳೆ ಎದ್ದಿಲ್ಲ.

"ಅಲಗು ಎಷ್ಟು ಹರಿತ ಇತ್ತು ಗೊತ್ತಾ? ಪ್ರತಿ ವರ್ಷ ಸಾಣೆ ಹಿಡಿಸ್ತಾಳಂತೆ, ಎಡಗೈ ಕತ್ತರಿ ಗೊತ್ತಿರೋನ ಹತ್ರಾನೇ. ನಾಳೆ ಅಪ್ಪ ಸಿಕ್ಕಿ ಕೇಳಿದ್ರೆ ಹೇಳ್ತೀನಿ, ಸಾಣೆಗೇ ಕೊಟ್ಟಿದ್ದೀನಪ್ಪ, ಗೊತ್ತಿರೋರ ಕೈಗೇ ಕೊಟ್ಟಿದ್ದೀನಿ."