ಬರಿಗೈಯ ತಾಲೀಮು

ಇವತ್ತು ಬೆಳಿಗ್ಗೆ ನಾನು ಹೊಸಿಲು ದಾಟುವುದಕ್ಕೂ ವಾಯರ್ ಬುಟ್ಟಿಯ ಹಿಡಿಕೆ ಕಿತ್ತುಹೋಗುವುದಕ್ಕೂ ಸರಿಹೋಯಿತು. ಮೂಸಂಬಿಗಳು ಒಂದರ ಹಿಂದೊಂದು ಮೆಟ್ಟಿಲಿಳಿದು ಗಟಾರದ ಕಡೆ ಹೊರಟವು. ಬಿಸ್ಕೀಟಿನ ಪೊಟ್ಟಣ ಮಾತ್ರ ಸಂಭಾವಿತರಂತೆ ಬಿದ್ದಲ್ಲೇ ಇತ್ತು. ಕಣ್ಣಿನ ಆಪರೇಶನ್ ಮಾಡಿಸಿಕೊಂಡ ನಮ್ಮ ನೆಂಟರ ಪೈಕಿಯ ಇಸಬೆಲ್ ಬಾಯಿಯನ್ನು ನೋಡಲು ನಾನು ಶಿರಸಿಯಿಂದ ಸಿದ್ದಾಪುರಕ್ಕೆ ಹೊರಟಿದ್ದೆ. "ಬರಿಗೈಲಿ ಹೋಗೂಕಾಗ್ತದ್ಯಾ?" ಎಂದು ಹೆಂಡತಿ ಬುಟ್ಟಿ ತುಂಬಿಸಿಕೊಟ್ಟಿದ್ದಳು. ಬುಟ್ಟಿ ನನ್ನ ತಾಯಿಯ ಅಕ್ಕ ರೊಜಿನ್ ಮಾವ್ಶಿಯದು. ಗಟಾರದಂಚಿಗೆ ಬಗ್ಗಿ ಮೂಸಂಬಿ ಹೆಕ್ಕುವಾಗ ಮಾವ್ಶಿ ನೆನಪಾಗಿ ನಗು ಬಂತು. ಎದುರುಮನೆಯವರು ನನಗೇನೋ ಆಗಿದೆ ಎಂದುಕೊಂಡಿರಬೇಕು.

ಮಾವ್ಶಿ ನಮ್ಮ ಮನೆಯಲ್ಲೇ ಇದ್ದು ಶಾಲೆಯ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಿದ್ದಳು. ನಮ್ಮ ಮನೆಮಾತು ಕೊಂಕಣಿ. ಆದರೆ ಅವಳಿಗೆ ಸಿಟ್ಟು ಬಂದರೆ ಕನ್ನಡ. ಅಕ್ಕಪಕ್ಕದವರಿಗೂ ತಿಳಿಯಲಿ ಎಂಬ ಉದಾರಬುದ್ಧಿ. ಉದಾರ ಎಂದೆನಲ್ಲ, ಅದೇ ಅವಳ ಕಾಯಿಲೆ. ಯಾರ ಮನೆಗೆ ಹೋದರೂ ಬುಟ್ಟಿ ತುಂಬಿಯೇ ಹೋಗಬೇಕು, ಅಲ್ಲಿ ಒಂದು ಲೋಟ ನೀರೂ ಮುಟ್ಟಬಾರದು. "ಈಗಷ್ಟೇ ಆಯ್ತು" ಎಂಬುದು ಅವಳ ಖಾಯಂ ಮಾತು. ಈಗಷ್ಟೇ ಏನಾಯಿತೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅವಳು ಬಂದುಹೋದ ಮೇಲೆ ಮನೆಯವರಿಗೆ ಖುಷಿಗಿಂತ ಸುಸ್ತೇ ಹೆಚ್ಚಾಗುತ್ತಿತ್ತು.

ಹುಡುಗಿಯಾಗಿದ್ದಾಗ ಅವಳಿಗೆ ಕಾನ್ವೆಂಟು ಸೇರಿ ಸಿಸ್ಟರ್ ಆಗುವ ಆಸೆಯಿತ್ತಂತೆ. ತಂಗಿಯರ ಮದುವೆ ಮುಗಿಯಲಿ ಎಂದರು ಅಜ್ಜ. ಮದುವೆಗಳು ಮುಗಿದವು, ಅಷ್ಟರಲ್ಲಿ ಅವಳ ವಯಸ್ಸೂ ಮೀರಿತು. ಹಾಗಾಗಿ ನಾನು ಕಾಲೇಜಿನಲ್ಲಿದ್ದ ವರ್ಷ ನಮ್ಮ ಇಗರ್ಜಿಯಲ್ಲಿ ಪಾದ್ರಿ ಒಂದು ಪ್ರಕಟಣೆ ಓದಿದಾಗ ಮಾವ್ಶಿಯ ಮುಖ ನೋಡಬೇಕಿತ್ತು. ವಜ್ರಳ್ಳಿಯ ಆಚೆ ಕಾಡಿನಂಚಿನ ಒಂದು ಕೇರಿಯಲ್ಲಿ ನಮ್ಮವರದೇ ಕೆಲವು ಮನೆಗಳಿವೆ, ಪಾದ್ರಿಗಳು ಅಲ್ಲಿಗೆ ಹೋಗುವುದು ಅಪರೂಪ, ಈಸ್ಟರಿನ ಮುಂಚಿನ ತಪಸ್ಸುಕಾಲದಲ್ಲಿ ಅಲ್ಲಿದ್ದು ಪ್ರಾರ್ಥನೆ ನಡೆಸಿ ಮಕ್ಕಳಿಗೆ ಕಲಿಸುವವರು ಬೇಕು ಎಂದಿತ್ತು ಪ್ರಕಟಣೆ. ಪೂಜೆ ಮುಗಿಯುವ ಮೊದಲೇ ಮಾವ್ಶಿ ಪಾದ್ರಿಯ ಬಾಗಿಲಲ್ಲಿದ್ದಳು.

ಪಾದ್ರಿ ಮೆಲುಮಾತಿನವರು, ಒಳಗೆ ಮಹಾ ಕಿಲಾಡಿ. ಹೋಗುವ ಮುಂಚೆ ಆತ್ಮದ ತಯಾರಿ ಆಗಬೇಕು ಎಂದರು. ಉಪವಾಸ, ಜಪಸರ, ಮೌನ ಎಲ್ಲವನ್ನೂ ಮಾವ್ಶಿ ಹಪ್ಪಳ ಮುರಿದಷ್ಟು ಸಲೀಸಾಗಿ ಮುಗಿಸಿದಳು. ಮೌನದ ದಿನ ಕೈಸನ್ನೆಯಲ್ಲೇ ನಮ್ಮಪ್ಪನೊಡನೆ ಜಗಳವನ್ನೂ ಆಡಿದಳು. ಕೊನೆಗೆ ಪಾದ್ರಿ ಹೇಳಿದರು: "ಯೇಸುಸ್ವಾಮಿ ಶಿಷ್ಯರನ್ನು ಕಳಿಸುವಾಗ ಚೀಲ ಗೀಲ ಬೇಡ, ಕೊಟ್ಟದ್ದನ್ನು ಉಣ್ಣಿ ಅಂದರು. ರೊಜಿನ್ ಬಾಯಿ, ನೀವು ಒಂದು ಮನೆಗೆ ಬರಿಗೈಲಿ ಹೋಗಿ, ಕೊಟ್ಟದ್ದನ್ನು ಉಂಡು ಬನ್ನಿ. ಯಾಕೆ ಅಂತ ಮಾತ್ರ ಹೇಳಬೇಡಿ. ಆಮೇಲೆ ಕೇರಿಗೆ ಹೋಗುವ ವಿಚಾರ ನೋಡುವ."

"ಇದೆಂತಾ ದೊಡ್ಡ ಪರೀಕ್ಷೆ!" ಎಂದಳು ಮಾವ್ಶಿ. ಸಾಕ್ಷಿಗೆ ನನ್ನನ್ನು ಕಟ್ಟಿದರು.

ಸಿದ್ದಾಪುರದಲ್ಲಿ ಅವಳ ಚಿಕ್ಕಮ್ಮನ ಮಗಳು ಇಸಬೆಲ್ ಬಾಯಿಯ ಮನೆ. ಬಸ್ಸಿನಲ್ಲಿ ಮಾವ್ಶಿಗೆ ತನ್ನ ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಸಂಕಟ ತಡೆಯದೆ ಪಕ್ಕದವರ ಕೂಸನ್ನು ಇಸಿದುಕೊಂಡು ತೊಡೆಯ ಮೇಲೆ ಕೂರಿಸಿಕೊಂಡಳು. ಸಿದ್ದಾಪುರದಲ್ಲಿ ಇಳಿದರೆ ಕಣ್ಣೆದುರೇ ಹಣ್ಣಿನಂಗಡಿ. "ಬರೇ ರೇಟ್ ಕೇಳ್ತೆ ಮಾರಾಯಾ" ಎಂದು ಬೇಡಿಕೊಂಡಳು. ನಾನು ಕೈಹಿಡಿದು ಎಳೆದುಕೊಂಡೇ ಹೋದೆ.

ಇಸಬೆಲ್ ಬಾಯಿ ಬಾಗಿಲು ತೆರೆದು ನಕ್ಕಳು. ಮಾವ್ಶಿಯ ಕೈ ನೋಡಿದಳು, ನನ್ನ ಕೈ ನೋಡಿದಳು. ನಗು ಅಲ್ಲೇ ನಿಂತಿತು. ನೀವೇ ಹೇಳಿ, ನಮ್ಮ ಕಡೆ ಬರಿಗೈಯಲ್ಲಿ ನೆಂಟರ ಬಾಗಿಲಿಗೆ ಬರುವುದು ಯಾವಾಗ? ಸಾವಿನ ಸುದ್ದಿ ತರುವಾಗ ಮಾತ್ರ.

"ಯಾರು ಹೋದ್ರೇ ರೊಜಿನ್?" ಎಂದು ಇಸಬೆಲ್ ಬಾಯಿ ಅಲ್ಲೇ ಕುಸಿದು ಕೂತು ಅಳತೊಡಗಿದಳು. ಕಾರಣ ಹೇಳುವಂತಿಲ್ಲದ ಮಾವ್ಶಿ ಕಂಬದ ಹಾಗೆ ನಿಂತಳು. ಆ ಮೌನದಿಂದ ಸಾವು ಇನ್ನಷ್ಟು ಖಾತ್ರಿಯಾಯಿತು. ಪಕ್ಕದ ಮನೆಯವರು ಓಡಿಬಂದರು. ಯಾರೋ ನಮ್ಮಪ್ಪನ ಹೆಸರನ್ನೂ ತೇಲಿಬಿಟ್ಟರು. ಇನ್ನೊಬ್ಬರು ಅವನು ಎಷ್ಟು ಒಳ್ಳೆಯವನಾಗಿದ್ದ ಎಂದು ಹೊಗಳತೊಡಗಿದರು. ಅಪ್ಪನಿಗೆ ಜೀವಮಾನದಲ್ಲಿ ಅಷ್ಟು ಹೊಗಳಿಕೆ ಸಿಕ್ಕಿರಲಿಲ್ಲ.

"ಯಾರೂ ಸತ್ತಿಲ್ಲ!" ಎಂದು ಕೊನೆಗೆ ಮಾವ್ಶಿ ಕೂಗಿದಳು. "ಊಟಕ್ಕೆ ಬಂದಿದ್ದೆ!"

ಜನ ಕೊಂಚ ನಿರಾಸೆಯಿಂದಲೇ ಚದುರಿದರು. ಇಸಬೆಲ್ ಬಾಯಿ ಮೂಗು ಒರೆಸಿಕೊಂಡು ಮಾವ್ಶಿಯನ್ನು ದಿಟ್ಟಿಸಿದಳು. "ಊಟಕ್ಕಾ? ನಮ್ಮನೇಲಾ? ನೀನಾ?"

ಅನ್ನ, ಬಂಗಡೆ ಸಾರು, ಸುಟ್ಟ ಹಲಸಿನ ಹಪ್ಪಳ. ಮಾವ್ಶಿ ಉಂಡಳು, ಎರಡನೇ ಸಲ ಬಡಿಸಿದಾಗ ಬೇಡವೆನ್ನಲಿಲ್ಲ. ಪಾತ್ರೆ ತೊಳೆಯಲು ಎದ್ದವಳನ್ನು ನಾನು ಕಣ್ಣಲ್ಲೇ ಗದರಿಸಿ ಕೂರಿಸಿದೆ. ಆಗ ಇಸಬೆಲ್ ಬಾಯಿ ಸಾರಿನ ಸೌಟು ಹಿಡಿದುಕೊಂಡೇ ಹೇಳಿದಳು: "ನೀ ಬುಟ್ಟಿ ತಂದಾಗೆಲ್ಲ ನಂಗೆ ನಾಚಿಕೆ ಆಗೂದು ರೊಜಿನ್. ಅಷ್ಟು ವಾಪಸ್ ಕೊಡೂಕೆ ನನ್ ಹತ್ರ ಎಂತ ಉಂಟು? ಸಾರು ಮಾಡೂಕೆ ಬರ್ತದೆ. ಅದ್ನೂ ನೀ ಮುಟ್ಟೂದಿಲ್ಲ."

ಮಾವ್ಶಿಯ ಕಣ್ಣು ಒದ್ದೆಯಾದದ್ದನ್ನು ನಾನು ಆಗ ಬಂಗಡೆಯ ಖಾರ ಎಂದುಕೊಂಡೆ.

ಹೊರಡುವಾಗ ಇಸಬೆಲ್ ಬಾಯಿ ಒಂದು ಕಟ್ಟು ಹಲಸಿನ ಹಪ್ಪಳ ಕೊಟ್ಟಳು. ಚೀಲವಿಲ್ಲ, ಬುಟ್ಟಿಯಿಲ್ಲ. ಮಾವ್ಶಿ ಅದನ್ನು ಸೆರಗಿನಲ್ಲಿ ಸುತ್ತಿ ಎದೆಗೊತ್ತಿಕೊಂಡು ಬಸ್ಸು ಹತ್ತಿದಳು. ಈ ಸಲ ಯಾರ ಕೂಸನ್ನೂ ಇಸಿದುಕೊಳ್ಳಲಿಲ್ಲ.

ಶಿರಸಿಯಲ್ಲಿ ಇಳಿದು ನೇರವಾಗಿ ಪಾದ್ರಿಯ ಹತ್ತಿರ ಹೋದೆವು. "ನಪಾಸಾದೆ ಫಾದರ್. ಬದುಕಿದ್ದವರಿಗೆಲ್ಲ ಜನ ಅತ್ತುಬಿಟ್ರು, ನಾ ಬಾಯಿ ಬಿಡಬೇಕಾಯ್ತು" ಎಂದು ಮಾವ್ಶಿ ಆದದ್ದನ್ನೆಲ್ಲ ಹೇಳಿದಳು. ಕಾನ್ವೆಂಟಿನಂತೆ ಇದೂ ಕೈತಪ್ಪಿತು ಎಂದು ಅವಳ ಮುಖವೇ ಹೇಳುತ್ತಿತ್ತು. ಪಾದ್ರಿ ನಗು ತಡೆದುಕೊಂಡು ಕೈ ಚಾಚಿದರು.

"ಸೆರಗಿನಲ್ಲೇನು? ಹಪ್ಪಳವೋ? ನನಗೆ ತುಂಬ ಇಷ್ಟ, ಕೊಡಿ."

ಕೇಳಿದರೆ ಮೈಮೇಲಿನ ಸ್ವೆಟರನ್ನೂ ಬಿಚ್ಚಿಕೊಡುವ ಹೆಂಗಸು ಅವಳು. ಒಂದು ಹೆಜ್ಜೆ ಹಿಂದೆ ಸರಿದಳು. "ಇದೊಂದು ಕೇಳಬೇಡಿ ಫಾದರ್" ಎಂದಳು. "ಇದು ಅವಳು ನಂಗೆ ಕೊಟ್ಟದ್ದು."

ಪಾದ್ರಿ ಚಾಚಿದ ಕೈಯನ್ನು ಹಾಗೇ ಎತ್ತಿ ಅವಳ ತಲೆಯ ಮೇಲಿಟ್ಟು ಹೇಳಿದರು: "ಹೋಗಿ ಬನ್ನಿ. ತಯಾರಾಗಿದ್ದೀರಿ."

ತಪಸ್ಸುಕಾಲಕ್ಕೆಂದು ಹೋದವಳು ಅಲ್ಲಿಯೇ ಉಳಿದುಬಿಟ್ಟಿದ್ದಾಳೆ. ಸರದಿಯಂತೆ ಕೇರಿಯ ಎಲ್ಲ ಮನೆಗಳಲ್ಲೂ ಉಣ್ಣುತ್ತಾಳೆ, ಉಪ್ಪು ಕಡಿಮೆಯಾದರೆ ಕನ್ನಡದಲ್ಲಿ ಬೈಯುತ್ತಾಳೆ ಎಂದು ಸುದ್ದಿ. ಬುಟ್ಟಿ ಮಾತ್ರ ನಮ್ಮ ಗೂಟದಲ್ಲಿ ಉಳಿಯಿತು. ಅವಳನ್ನು ಹೋದಲ್ಲೆಲ್ಲ ಆಡಿಕೊಂಡು ನಕ್ಕ ನಾನೇ ಅದನ್ನು ಹಿಡಿದುಕೊಂಡು ಊರೆಲ್ಲ ತಿರುಗುತ್ತಿದ್ದೇನೆ, ಹೋದಲ್ಲೆಲ್ಲ "ಈಗಷ್ಟೇ ಆಯ್ತು" ಎನ್ನುತ್ತಿದ್ದೇನೆ.

"ತಡೀರಿ, ಬೇರೆ ಚೀಲ ಕೊಡ್ತೆ" ಎಂದಳು ಹೆಂಡತಿ. ನಾನು ಮೂಸಂಬಿಗಳನ್ನು ಅವಳ ಮಡಿಲಿಗೆ ಸುರಿದು, ಕೈ ಒರೆಸಿಕೊಂಡು, ಇಸಬೆಲ್ ಬಾಯಿಗೆ ಫೋನು ಹಚ್ಚಿದೆ.

"ನಾನು ಈಗ ಬರ್ತೆ ಬಾಯಿ, ಬರಿಗೈಲಿ. ಮೊದಲೇ ಹೇಳ್ತೆ, ಯಾರೂ ಸತ್ತಿಲ್ಲ."

ಆ ಕಡೆಯಿಂದ ನಗು ಕೇಳಿಸಿತು.

"ಹಂಗಾದ್ರೆ ಹಸ್ಕಂಡು ಬಾ."